ಊಹೂಂ

ಒರೆಸಿದ ಚಮಚದ ಹೊಟ್ಟೆಯಲ್ಲಿ ಕಿಟಕಿ ತಲೆಕೆಳಗಾಗಿ ನಿಂತಿತ್ತು, ಪಕ್ಕದಲ್ಲಿ ಅವಳ ಮುಖವೂ ತಲೆಕೆಳಗು, ಗದ್ದ ಮೇಲೆ, ಹಣೆ ಕೆಳಗೆ, ನಡುವೆ ಹೊಲಿಗೆ ಹಾಕಿ ದಾರ ಕತ್ತರಿಸಿದ ಹಾಗೆ ಒಂದು ಗೆರೆ, ಅದು ಬಾಯಿ — ಥೂ, ಮುಖ ನೋಡಿಕೊಂಡು ಕೂರುವ ಹೊತ್ತೇ ಇದು, ಆಲೂಗಡ್ಡೆ ಆರುತ್ತಿದೆ, ಬಿಸಿಯಿದ್ದರೆ ಬೆಂಕಿ, ಆರಿದರೆ ಅಂಟು, ನಡುವೆ ಒಂದು ಗಳಿಗೆ ಇರುತ್ತದಲ್ಲ ಅದನ್ನು ಹಿಡಿಯಬೇಕು, ಇಸ್ತ್ರಿಪೆಟ್ಟಿಗೆಯ ಬಿಸಿ ಹಿಡಿಯುವ ಹಾಗೆ, ಅದೇನೋ ಅವಳಿಗೆ ಗೊತ್ತು, ಬಟ್ಟೆಯ ವಿಷಯದಲ್ಲಿ ಎಲ್ಲ ಗೊತ್ತು, ಎದುರಿಗಿರುವ ಈ ಅಂಗೈಯಗಲದ ಮುಖದ ವಿಷಯದಲ್ಲಿ ಏನೂ ಗೊತ್ತಿಲ್ಲ. ಮೊಮ್ಮಗಳು ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಕುರ್ಚಿಯಲ್ಲಿ ಕೂತಿದೆ, ಜಾರದ ಹಾಗೆ ಹೊಟ್ಟೆಗೆ ಒಂದು ಬಟ್ಟೆಪಟ್ಟಿ ಕಟ್ಟಿದೆ, ಹೆಸರು ಇನ್ನೂ ಇಟ್ಟಿಲ್ಲ, ಇಡಬೇಕಾದವಳು ಇಡದೆ ಹೋದಳು, ಕಣ್ಣು ಕೋಟಿನ ಗುಂಡಿಯ ಹಾಗಿದೆ ಅಂತ ಎಲ್ಲರ ಬಾಯಲ್ಲೂ ಗುಂಡಿ, ಗುಂಡಿ ಎದ್ದಿತಾ, ಗುಂಡಿ ಮಲಗಿತಾ, ಗುಂಡಿ ತಿಂದಿತಾ — ಇಲ್ಲ, ತಿಂದಿಲ್ಲ, ನಿನ್ನೆಯೂ ಇಲ್ಲ, ಮೊನ್ನೆಯೂ ಇಲ್ಲ, ವರ್ಷ ತುಂಬಿ ಮೇಲೆ ಚಳಿಗಾಲವೊಂದು ಕಳೆದರೂ ಹಾಲು ಬಿಟ್ಟು ಒಂದು ಅಗುಳು ಒಳಗೆ ಹೋಗಿಲ್ಲ, ಮುಷ್ಕರ ಹೂಡಿದ ಗಿರಣಿಯ ಬಾಗಿಲಿನ ಹಾಗೆ ತುಟಿ ಮುಚ್ಚಿ ಕೂರುತ್ತದೆ. ಬಾ ಮರಿ, ತೆಗಿ ಮರಿ, ಒಂದೇ ಒಂದು. ಅಂದದ್ದು ಮನಸ್ಸಿನಲ್ಲಿ, ಹೊರಗೆ ಬಂದದ್ದು ಬರೀ ಹ್ಞೂಂ ಹ್ಞೂಂ, ಯಾಕೆಂದರೆ ಬಾಯಲ್ಲಿ ಗುಂಡುಸೂಜಿಗಳಿವೆ, ಯಾವಾಗಲೂ ಇರುತ್ತವೆ, ತುಟಿಯ ಬಲಮೂಲೆಯಲ್ಲಿ, ತಲೆ ಹೊರಗೆ ಮೊನೆ ಒಳಗೆ, ಹೊಲಿಯುವಾಗಲೂ ಇರುತ್ತವೆ, ಹೊಲಿಯದಿರುವಾಗಲೂ ಇರುತ್ತವೆ, ಈಚೆಗಂತೂ ಒಲೆಯ ಮುಂದೆ ನಿಂತಾಗಲೂ ಇರುತ್ತವೆ. ಮಗು ಚಮಚ ನೋಡಿತು, ಅವಳನ್ನು ನೋಡಿತು, ಊಹೂಂ ಅಂದಿತು. ಅದಕ್ಕೆ ಬರುವುದು ಅದೊಂದೇ ಮಾತು. ಇವತ್ತು ಮಧ್ಯಾಹ್ನ ಅಳಿಯ ವ್ಯಾನು ತರುತ್ತಾನೆ, ಸರಕು ಇಳಿಸಿ ಸೀದಾ ಬರ್ತೀನಿ ಅತ್ತೆ, ಅಷ್ಟರೊಳಗೆ ಒಂದು ಬಟ್ಟಲು ಒಳಗೆ ಹೋಗಿದ್ರೆ ಸರಿ, ಹೋಗ್ಲಿಲ್ಲ ಅಂದ್ರೆ ಅದರ ಬಟ್ಟೆಬರೆ ಕಟ್ಟಿಡಿ, ಅಡ್ಮಿಟ್ ಮಾಡೋದೇ, ನಂಗೂ ನೋಡಿ ನೋಡಿ ಸಾಕಾಯ್ತು, ಅಂದಿದ್ದ, ಜೋರಾಗಿಯೂ ಅನ್ನಲಿಲ್ಲ, ಜೋರು ಮಾಡಿದ್ದರೆ ಅವಳೂ ನಾಲ್ಕು ಜಾಡಿಸುತ್ತಿದ್ದಳು, ಮೆತ್ತಗೆ ಅಂದ, ಮೆತ್ತಗೆ ಅನ್ನುವವರ ಜತೆ ಜಗಳ ಆಡುವುದು ಹೇಗೆ ಅಂತ ಈ ವಯಸ್ಸಿಗೂ ಅವಳು ಕಲಿತಿಲ್ಲ. ಆ ಆಸ್ಪತ್ರೆ. ಆ ಹಸಿರು ಬಣ್ಣದ ಮೆಟ್ಟಿಲು, ಆ ಫಿನಾಯಿಲಿನ ವಾಸನೆ, ಒಂದು ಜೀವ ಕೊಟ್ಟದ್ದು ಸಾಲದು ಅಂತ ಇನ್ನೊಂದನ್ನು ಎತ್ತಿಕೊಂಡು ಅದೇ ಮೆಟ್ಟಿಲು ಹತ್ತಬೇಕಾ, ಸತ್ತರೂ ಇಲ್ಲ, ತೆಗಿ ಬಾಯಿ.

ಹಾಲಿನ ಬಾಟಲಿ, ಗುಂಡಿಗಳ ಡಬ್ಬಿಯ ಹಿಂದೆ ಅಡಗಿದೆ, ಮೇಲೆ ಚೂರು ಬಟ್ಟೆ ಹೊದಿಸಿದೆ, ಕಳ್ಳಮಾಲಿನ ಹಾಗೆ, ಆದರೂ ಅದಕ್ಕೆ ಗೊತ್ತು, ಕಣ್ಣು ತಿರುಗಿ ತಿರುಗಿ ಅಲ್ಲಿಗೇ ಹೋಗುತ್ತದೆ, ಆ ಬಾಟಲಿ ಅಂದರೆ ಮೈಯೆಲ್ಲ ಬಾಯಿ, ಕಾಲಿನ ಬೆರಳುಗಳೂ ಕುಡಿಯುತ್ತವೆ, ರಬ್ಬರು ತೊಟ್ಟು ತುಟಿ ತೆರೆಯುವುದಕ್ಕೂ ಕಾಯದೆ ಒಳಗೆ ಜಾರುತ್ತದೆ, ಕಾಜದಲ್ಲಿ ಗುಂಡಿ ಜಾರಿದ ಹಾಗೆ, ಆಮೇಲೆ ಆ ಸದ್ದು, ಚುಕ್ ಚುಕ್, ಹೊಲಿಗೆ ಮಿಷನ್ ನಿಧಾನಕ್ಕೆ ತುಳಿದರೆ ಬರುವ ಸದ್ದು, ಅದು ಕೇಳಿದರೆ ಅವಳ ಎದೆ ತಣ್ಣಗಾಗುತ್ತಿತ್ತು, ಬದುಕಿದೆ, ಕುಡಿಯುತ್ತಿದೆ, ಇನ್ನೊಂದು ಬಾಟಲಿ ಮಾಡು, ಇನ್ನೊಂದು, ಅತ್ತರೆ ಬಾಟಲಿ, ಅಳುವ ಮೊದಲೇ ಬಾಟಲಿ. ಅಳುವುದಾದರೂ ಎಲ್ಲಿ, ಈ ಮಗು ಬಾಯಿಬಿಟ್ಟು ಅತ್ತದ್ದೇ ಇಲ್ಲ, ಅತ್ತರೂ ಮೂಗಿನಲ್ಲಿ, ಗಾಜಿಗೆ ಸಿಕ್ಕ ದುಂಬಿಯ ಹಾಗೆ ಗುಂಯ್ ಅಂತ, ಬಂದ ಗಿರಾಕಿಗಳೆಲ್ಲ ಎಂಥಾ ಬಂಗಾರದಂಥ ಮಗು, ಇದೆ ಅಂತಾನೇ ಗೊತ್ತಾಗಲ್ಲ ನೋಡಿ ಅಂದರು, ಅವಳೂ ಹ್ಞೂಂ ಅಂದಳು, ಹೆಮ್ಮೆಪಟ್ಟಳು, ಮುಟ್ಠಾಳಿ. ತೂಕ ನೋಡುವ ನರ್ಸಮ್ಮ ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದಳು, ನೋಡಿ ಅಜ್ಜಿ, ಕೆಂಪಿರಬೇಕಾದ ಜಾಗ, ಹಾಲು ಕುಡಿಸೀ ಕುಡಿಸೀ ರಕ್ತಾನೇ ಬೆಳ್ಳಗೆ ಮಾಡಿಟ್ಟಿದ್ದೀರಲ್ಲ, ಮಗು ಸಾಕ್ತಿದ್ದೀರೋ ಬಟ್ಟೆ ನೆನೆಹಾಕಿದ್ದೀರೋ. ನೆನೆಹಾಕಿದ್ದೀನಿ, ಹಿಂಡಿ ಒಣಗಿಸೋಕೆ ನೀನು ಬಾ — ಅನ್ನಬೇಕೆಂದಿದ್ದಳು, ಹಿಂದೆಲ್ಲ ಅಂದೇ ಅನ್ನುತ್ತಿದ್ದಳು, ಬೀದಿಯಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ, ಆ ಟೈಲರಮ್ಮನ ಕತ್ತರಿ ಮೊಂಡು, ನಾಲಿಗೆ ಹರಿತ ಅನ್ನುತ್ತಿದ್ದರು, ಆದರೆ ಬಾಯಲ್ಲಿ ಸೂಜಿಗಳಿದ್ದವು, ಹ್ಞೂಂ ಅಂದು ಬಂದಳು. ಹೀಗೇ ಬಿಟ್ರೆ ಮೂಗಲ್ಲಿ ನಳಿಗೆ ಹಾಕಿ ಹೊಟ್ಟೆಗೆ ಬಿಡ್ಬೇಕಾಗುತ್ತೆ, ಗೊತ್ತಾಯ್ತಾ, ಹಗಲು ಬಾಟಲಿ ಬಂದ್, ಹಸಿವಾದ್ರೆ ತಾನೇ ಬಾಯಿ ತೆಗೆಯುತ್ತೆ, ಅಂದಿದ್ದಳು ನರ್ಸಮ್ಮ. ತೆಗೆಯಲಿಲ್ಲ. ಬಾಳೆಹಣ್ಣು ಕಿವುಚಿದಳು, ಮೊಟ್ಟೆಯ ಹಳದಿ ಕದಡಿದಳು, ಕ್ಯಾರೆಟ್ಟು ಬೇಯಿಸಿ ಜರಡಿ ಹಿಡಿದಳು, ಚಮಚ ಬದಲಾಯಿಸಿದಳು, ಬೆರಳಲ್ಲಿ ಕೊಟ್ಟಳು, ಹಕ್ಕಿ ಬಂತು ಕಾಗೆ ಬಂತು ಅಂತ ಕೈ ತಿರುಗಿಸಿದಳು, ತಿರುಗಿಸುವಾಗಲೂ ಬಾಯಲ್ಲಿ ಹ್ಞೂಂ ಹ್ಞೂಂ. ಕೋಟಿನ ಕೈ ಮೊಟಕು ಮಾಡಿಸಲು ಬಂದ ಹೆಂಗಸೊಬ್ಬಳು ಮೂಗು ಹಿಡೀರಿ, ಉಸಿರಿಗೆ ಬಾಯಿ ಬಿಟ್ಟೇ ಬಿಡುತ್ತೆ ಅಂದಳು, ಅವಳ ಮಾತು ಕೇಳಿ ಮೂಗು ಹಿಡಿದದ್ದೂ ಆಗಿಹೋಯಿತು, ತುಟಿ ಬಿಗಿದೇ ಇತ್ತು, ಮುಖ ಕೆಂಪಾಯಿತು, ನೇರಿಳೆ ಆಯಿತು, ಅವಳೇ ಹೆದರಿ ಕೈ ತೆಗೆದಳು, ಬಟ್ಟಲನ್ನು ಗೋಡೆಗೆ ಬೀಸಿ ಒಗೆದಳು, ಕ್ಯಾರೆಟ್ಟಿನ ಕಲೆ ಇನ್ನೂ ಇದೆ, ಒಂದು ಹೊಟ್ಟೆ, ಕೆಳಗೆ ಎರಡು ಕಾಲಿನ ಹಾಗೆ ಇಳಿದಿದೆ. ಎದುರು ಅಂಗಡಿಯ ಬೀಗ ರಿಪೇರಿಯವನು ಸದ್ದು ಕೇಳಿ ರಸ್ತೆ ದಾಟಿ ಬಂದ, ಏನಕ್ಕಾ, ಇನ್ನೂ ತೆರೆದಿಲ್ವಾ, ಒಂದು ಕೆಲ್ಸ ಮಾಡು, ಮೇಣದಲ್ಲಿ ಅಚ್ಚು ತಗೊಂಡು ಬಾ, ನಿನ್ ಮೊಮ್ಮಗಳ ಬಾಯಿಗೆ ಒಂದು ಡೂಪ್ಲಿಕೇಟ್ ಕೀ ಮಾಡಿಕೊಡ್ತೀನಿ. ಅವಳು ಕತ್ತರಿ ಎತ್ತಿ ತೋರಿಸಿದಳು. ಅಯ್ಯೋ ಒಂದು ಬೈಗುಳ ಆದ್ರೂ ಬೈಯಕ್ಕಾ, ನಿನ್ನ ಬಾಯಿ ಕೇಳಿ ಎಷ್ಟು ಕಾಲ ಆಯ್ತು, ಬೀದಿಗೆ ಬೀದಿನೇ ಬಿಕೋ ಅನ್ನುತ್ತೆ, ಅಂದು ನಗುತ್ತ ಹೋದ, ಹೋಗು, ನಿನ್ನ ಬೀಗಕ್ಕೆ ಬೆಂಕಿ ಬೀಳ, ಅದೂ ಮನಸ್ಸಿನಲ್ಲೇ.

ಆಲೂಗಡ್ಡೆಯ ಮೇಲೆ ಪೊರೆ ಕಟ್ಟುತ್ತಿದೆ. ಇನ್ನೊಮ್ಮೆ ಕಿವುಚಬೇಕು, ಒಂದು ಗಂಟೂ ಇರಬಾರದು, ಹೆಬ್ಬೆರಳಿಂದ ಬಟ್ಟಲಿನ ಅಂಚಿಗೆ ಒತ್ತಿ ಒತ್ತಿ ಕಿವುಚು — ಅಮ್ಮಾ, ಹೊಟ್ಟೆ ಕೆಳಗೆ ಯಾರೋ ಕೈ ಹಾಕಿ ಕಿವುಚಿದಂಗೆ ಆಗುತ್ತೆ. ಬೇಡ. ಮಗಳ ಆ ಮಾತು ಬೇಡ ಈಗ. ಹಾಲು ಸ್ವಲ್ಪ ಬೆರೆಸಿದರೆ ವಾಸನೆಗೆ ಆದರೂ ತೆಗೆದೀತು, ಹಾಲು ಬೆರೆಸು, ಚಮಚದ ತುದಿ ತುಟಿಗೆ ಮುಟ್ಟಿಸು, ತುಟಿಗೆ ಬಿಳಿ ಮೆತ್ತಿಕೊಂಡಿತು, ಒಳಗೆ ಹೋಗಲಿಲ್ಲ, ಗುಂಡಿ ಅದನ್ನು ನೆಕ್ಕಲೂ ಇಲ್ಲ, ಬಿಳಿ ಹತ್ತಿದ ತುಟಿ, ಒಣಗಿದ ತುಟಿ, ಆ ತುಟಿಯೂ ಹೀಗೇ ಬೆಳ್ಳಗೆ ಒಣಗಿತ್ತಲ್ಲ, ಅಲ್ಲೇ, ಆ ಪರದೆಯ ಹಿಂದಿನ ಮಂಚದಲ್ಲಿ, ಇದೇ ಮಿಷನ್ನು ಇಲ್ಲೇ ಇತ್ತು, ಅವಳು ಇಲ್ಲೇ ಕೂತಿದ್ದಳು, ಶಾಲೆ ತೆರೆಯುವ ಕಾಲ, ನೀಲಿ ಯೂನಿಫಾರಂ ರಾಶಿ ಸೊಂಟದೆತ್ತರ, ಹಸಿ ಬಾಣಂತಿ ಮಗಳು ಪರದೆಯಾಚೆ, ತೊಟ್ಟಿಲಲ್ಲಿ ಇದು, ಇನ್ನೂ ಕಣ್ಣು ಬಿಟ್ಟು ನೋಡಲೂ ಬಾರದ್ದು, ಮಿಷನ್ನು ಓಡುತ್ತಿದೆ, ಅಮ್ಮಾ, ಕಿವುಚಿದಂಗೆ ಆಗುತ್ತೆ ಕಣಮ್ಮಾ, ಚಳಿನೂ ಆಗ್ತಿದೆ. ಹೆತ್ತವರಿಗೆಲ್ಲ ಆಗೋದೇ ಕಣೇ, ಲೋಕದಲ್ಲಿ ನೀನೊಬ್ಳೇ ಹೆತ್ತಿರೋದಾ, ನಿನ್ನ ಹೆತ್ತಾಗ ನಾನು ಮಾರನೇ ದಿನ ಮಿಷನ್ ತುಳಿದಿದ್ದೆ. ಇಲ್ಲಮ್ಮಾ, ಇದು ಬೇರೆ ಥರ. ಬೇರೆ ಥರಾನೂ ಇಲ್ಲ ಗೀರೆ ಥರಾನೂ ಇಲ್ಲ, ನಂಗೆ ತಲೆ ಕೆಡಿಸಬೇಡ, ನಾಡಿದ್ದಿಗೆ ಕೊಡಬೇಕು ಇವನ್ನೆಲ್ಲ, ಬಾಯಿ ಮುಚ್ಕೊಂಡು ಮಲಕ್ಕೋ. ಎಷ್ಟು ಸಲ ಅಂದಿದ್ದಾಳೆ ಆ ಮಾತನ್ನು, ಮಗಳು ಗೊಂಬೆ ಕೇಳಿದಾಗ ಅಂದಿದ್ದಾಳೆ, ಸಿನಿಮಾ ಕೇಳಿದಾಗ ಅಂದಿದ್ದಾಳೆ, ವ್ಯಾನಿನ ಹುಡುಗನನ್ನು ಮದುವೆ ಆಗ್ತೀನಿ ಅಂದಾಗ ಅಂದಿದ್ದಾಳೆ, ಯಾವ ಸಲವೂ ಮಗಳು ಮುಚ್ಚಿದವಳಲ್ಲ, ಗೊಣಗುತ್ತಿದ್ದಳು, ಅಳುತ್ತಿದ್ದಳು, ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದಳು, ಕೊನೆಗೆ ತನ್ನದೇ ನಡೆಸುತ್ತಿದ್ದಳು, ಬಾಯಿ ಮುಚ್ಚು ಅಂದರೆ ಈ ಮನೆಯಲ್ಲಿ ಬಾಯಿ ಮುಚ್ಚು ಅಂತಲೇ ಅರ್ಥ ಅಲ್ಲ, ಅದು ಗೊತ್ತಿರಬೇಕಾಗಿತ್ತಲ್ಲ ಅವಳಿಗೆ, ಗೊತ್ತಿತ್ತು, ಗೊತ್ತಿದ್ದೂ ಆ ಒಂದು ಸಲ ಮುಚ್ಚಿದಳು. ಮುಚ್ಚಿದಳು ಅಂದರೆ ಮುಚ್ಚಿಯೇಬಿಟ್ಟಳು. ಗಂಡ ಹಣ್ಣು ತಂದಾಗ ತುಟಿ ಬಿಚ್ಚದೆ ನಕ್ಕಳು, ಹೇಗಿದೀಯಾ ಅಂದರೆ ಹ್ಞೂಂ ಅಂದಳು, ಮಿಷನ್ನು ಓಡುತ್ತಲೇ ಇತ್ತು, ನೀಲಿ ರಾಶಿ ಕರಗಿತು, ಕೊನೆಯ ಅಂಗಿಯ ಗುಂಡಿ ಹಚ್ಚಿ ದಾರ ಹಲ್ಲಿನಲ್ಲಿ ಕಚ್ಚಿ ಎದ್ದು ಪರದೆ ಸರಿಸಿದರೆ, ಮೈ ಇಸ್ತ್ರಿಪೆಟ್ಟಿಗೆ, ತುಟಿ ಬೆಳ್ಳಗೆ. ಹಸಿರು ಮೆಟ್ಟಿಲ ಮೇಲೆ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ, ಏನಮ್ಮಾ, ಮೈಯೆಲ್ಲ ನಂಜೇರಿದೆ, ಇಷ್ಟು ದಿನ ಈ ಹುಡುಗಿ ಬಾಯೇ ಬಿಡ್ಲಿಲ್ವಾ. ಬಾಯೇ ಬಿಡಲಿಲ್ಲವಾ ಅಂತೆ. ಬಿಟ್ಟಳಲ್ಲ ಆಮೇಲೆ. ಎಲ್ಲ ಮುಗಿದ ಮೇಲೆ ಬಿಟ್ಟಳು. ಗದ್ದ ಕೆಳಗೆ ಬಿತ್ತು, ಬಾಯಿ ತೆರೆಯಿತು, ವಾರ್ಡಿನ ಹೆಂಗಸು ಬ್ಯಾಂಡೇಜು ಬಟ್ಟೆಯ ಪಟ್ಟಿ ತರ್ತೀನಿ ಇರಿ, ತಲೆಗೆ ಸೇರಿಸಿ ಕಟ್ಟಬೇಕು, ಅಲ್ಲೀವರೆಗೆ ಹಿಡ್ಕೊಂಡಿರಿ ಅಂದು ಹೋದಳು, ಹಿಡಿದುಕೊಂಡಳು, ಅಂಗೈಯಲ್ಲಿ ಗದ್ದ, ಮೇಲಕ್ಕೆ ಒತ್ತಿ, ತುಟಿಗೆ ತುಟಿ ಕೂಡಿಸಿ, ಎರಡು ಅಂಚು ಕೂಡಿಸಿ ಸೂಜಿ ಚುಚ್ಚುವ ಮೊದಲು ಹಿಡಿಯುತ್ತೇವಲ್ಲ ಹಾಗೆ, ಕೈ ಸೋತು ಸಡಿಲಿಸಿದರೆ ಮತ್ತೆ ನಿಧಾನಕ್ಕೆ ತೆರೆಯಿತು, ಏನೋ ಹೇಳಲು ಹೊರಟ ಹಾಗೆ, ಅಮ್ಮಾ ಅನ್ನಲು ಹೊರಟು ಅ ದಲ್ಲೇ ನಿಂತ ಹಾಗೆ, ಒತ್ತಿದಳು, ಮತ್ತೆ ತೆರೆಯಿತು, ಅಲ್ಲಿದ್ದವರೆಲ್ಲ ಅತ್ತರು, ಅವಳು ಅಳಲಿಲ್ಲ, ಕೈ ಖಾಲಿ ಇರಲಿಲ್ಲ.

ಅಳಿಯ ಒಂದೇ ಒಂದು ಸಲ ಕೇಳಿದ. ಮಣ್ಣು ಮಾಡಿ ಬಂದು ಈ ಹೊಸ್ತಿಲಲ್ಲಿ ಕೂತು, ಕೆಸರು ಹತ್ತಿದ ಚಪ್ಪಲಿ ಬಿಡದೆ, ಅತ್ತೆ, ನೋವು ಗೀವು ಅಂತ ನಿಮ್ಮ ಹತ್ರ ಏನೂ ಹೇಳಿರಲಿಲ್ವಾ ಅವಳು. ಅವಳು ಮಿಷನ್ನಿನ ಮುಂದೆ ಕೂತಿದ್ದಳು, ಹೊಲಿಯಲು ಏನೂ ಇರಲಿಲ್ಲ, ಆದರೂ ಕೈ ತಾನಾಗಿ ಡಬ್ಬಿಯಿಂದ ಸೂಜಿ ತೆಗೆದು ತುಟಿಗೆ ಇಟ್ಟಿತ್ತು, ಒಂದು, ಇನ್ನೊಂದು, ಮತ್ತೊಂದು. ಊಹೂಂ ಅಂದಳು. ಅಷ್ಟೇ. ಊಹೂಂ ಅನ್ನಲು ಬಾಯಿ ತೆಗೆಯಬೇಕಾಗಿಲ್ಲ, ಹ್ಞೂಂ ಅನ್ನಲೂ ಬೇಕಾಗಿಲ್ಲ, ಈ ಎರಡರಲ್ಲೇ ಒಂದು ಜನ್ಮ ಕಳೆಯಬಹುದು, ಕಳೆಯುತ್ತಿದ್ದಾಳೆ, ಗಿರಾಕಿಗೂ ಹ್ಞೂಂ, ನರ್ಸಿಗೂ ಹ್ಞೂಂ, ಅಳಿಯನಿಗೆ ಊಹೂಂ, ಸೂಜಿ ಕಚ್ಚಿದ ಬಾಯಿಂದ ಬೈಗುಳ ಹೊರಡಲ್ಲ, ಬೇರೆ ಏನೂ ಹೊರಡಲ್ಲ, ಬಾಯಿ ತೆಗೆದರೆ ಮಗಳಿಗೆ ಅಂದ ಆ ಮಾತೇ ಬರುತ್ತದೆ, ಮೊದಲು ಅದೇ ಬರುತ್ತದೆ, ಗೊತ್ತು ಅವಳಿಗೆ, ತನ್ನ ಹೊಟ್ಟೆಗೆ ಹಾಕುವುದೂ ಗೋಡೆಯ ಕಡೆ ತಿರುಗಿ, ನಿಂತುಕೊಂಡು, ಕದ್ದು ತಿಂದವಳ ಹಾಗೆ ನಾಲ್ಕು ತುತ್ತು, ಮತ್ತೆ ಸೂಜಿ. ಗುಂಡಿ ನೋಡುತ್ತಿದೆ. ತುಟಿಗೆ ಆಲೂಗಡ್ಡೆ ಒಣಗಿ ಚಕ್ಕೆಯಾಗುತ್ತಿದೆ, ತುಟಿ ಬಿಗಿದು — ಏನದು. ಏನದು ಅದರ ತುಟಿ. ಬಿಗಿದಿರುವುದು ಎಡಗಡೆ ಒಂದು ಥರ, ಬಲಗಡೆ ಒಂದು ಥರ, ಒಂದು ಮೂಲೆ ಒಳಕ್ಕೆ ಮಡಚಿ, ಚೂರು ಕೆಳಕ್ಕೆ ಎಳೆದು, ಏನೋ ಬಿದ್ದುಹೋಗದ ಹಾಗೆ ಕಚ್ಚಿ ಹಿಡಿದ ಹಾಗೆ. ಅವಳು ತನ್ನ ಬಾಯಿ ಮುಟ್ಟಿಕೊಂಡಳು. ಸೂಜಿಯ ತಲೆಗಳು ಬೆರಳಿಗೆ ಸಿಕ್ಕವು. ಚಮಚ ತಿರುಗಿಸಿ ನೋಡಿದಳು, ತಲೆಕೆಳಗಾದ ಮುಖ, ಹೊಲಿಗೆ ಹಾಕಿದ ಗೆರೆ, ಒಂದು ಮೂಲೆ ಮಡಚಿದ ಗೆರೆ, ಅದೇ, ಅದೇ ಅಚ್ಚು, ಕಾಗದದ ಅಚ್ಚು ಇಟ್ಟು ಬಟ್ಟೆ ಕತ್ತರಿಸಿದ ಹಾಗೆ ಸುತ್ತಳತೆಯೂ ತಪ್ಪದೆ. ಅಯ್ಯೋ ನಿನ್ನ. ಹುಟ್ಟಿದಾಗಿಂದ ಇದು ನೋಡಿದ್ದೇ ಇಷ್ಟು, ಬೆಳಗಿಂದ ಸಂಜೆವರೆಗೂ ಈ ಕುರ್ಚಿ, ಈ ಮೇಜು, ಎದುರಿಗೆ ಈ ಮುಚ್ಚಿದ ಬಾಯಿ, ಬಾಯಿ ಅಂದರೆ ಇದು, ಹೀಗಿರುವುದು, ಮುಚ್ಚಿಡುವುದು, ಮುಚ್ಚಿಕೊಂಡೇ ಊಹೂಂ ಅನ್ನುವುದು, ಅದು ಬೇಡ ಅನ್ನುತ್ತಿಲ್ಲ ಕಣೇ, ಹಟವೂ ಅಲ್ಲ ಮಣ್ಣೂ ಅಲ್ಲ, ನೀನು ಆಡುವ ಮಾತನ್ನೇ ಆಡುತ್ತಿದೆ, ನಿನ್ನ ಜತೆ ಮಾತಾಡುತ್ತಿದೆ. ಬಾಯಿ ಮುಚ್ಚುವುದು ಈ ಮನೆಯಲ್ಲಿ ಒಬ್ಬಳಿಗೆ ಹೇಳಿ ಕಲಿಸಿದೆ, ಇನ್ನೊಬ್ಬಳಿಗೆ ಹೇಳದೆ ಕಲಿಸಿದೆ.

ಬೀದಿಯ ತಿರುವಿನಲ್ಲಿ ವ್ಯಾನಿನ ಹಾರ್ನು, ಎರಡು ಸಲ ಮೊಟಕಾಗಿ, ಅವನದೇ, ಬಂದೇಬಿಟ್ಟ, ಬೀಗದವನ ಜತೆ ಎರಡು ಮಾತಾಡುತ್ತಾನೆ, ಗಾಡಿ ಹಿಂದೆ ತಗೊಳ್ಳುತ್ತಾನೆ, ಅಷ್ಟೇ ಹೊತ್ತು ಇರುವುದು, ಸೂಜಿಗಳನ್ನು ತೆಗೆದಳು, ಮೇಜಿನ ಅಂಚಿನ ಬಟ್ಟೆಗೆ ಚುಚ್ಚಿದಳು, ತುಟಿ ಬೆತ್ತಲೆಯಾದ ಹಾಗಾಯಿತು, ಗುಂಡಿ, ಇಲ್ಲಿ ನೋಡು, ಅಂದಳು, ಸ್ವರ ತುಕ್ಕು ಹಿಡಿದಿತ್ತು, ಮಗು ಬೆಚ್ಚಿ ಕಣ್ಣರಳಿಸಿತು, ಈ ಮುಖದಿಂದ ಮಾತು ಬರುತ್ತದೆಂದು ಅದಕ್ಕೆ ಯಾರು ಹೇಳಿದ್ದರು. ನೋಡಿಲ್ಲಿ, ಅಜ್ಜಿ ಹೇಗೆ ಮಾಡ್ತಾಳೆ ನೋಡು, ಆ ಅನ್ನು, ಆ — ಬಾಯಿ ತೆರೆದಳು, ಎಣ್ಣೆ ಕಾಣದ ಮಿಷನ್ನಿನ ಹಾಗೆ ದವಡೆ ಕಟಕ್ಕೆಂದಿತು, ಇನ್ನೂ ತೆರೆದಳು, ಆ, ಇನ್ನೂ, ತೆರೆದಷ್ಟೂ ಅದು ಮುಗಿಯಲಿಲ್ಲ, ಹೊಟ್ಟೆಯ ತಳದಿಂದ ಏನೋ ಎದ್ದು ಬಂತು, ಅವಳು ಹೆದರಿದ್ದ ಮಾತಲ್ಲ, ಮಾತೇ ಅಲ್ಲ, ಉದ್ದದ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಹರಿದ ಸದ್ದು, ಅದು ತನ್ನದೇ ಅಂತ ತಿಳಿಯಲು ಒಂದು ಗಳಿಗೆ ಹಿಡಿಯಿತು, ಬಾಯಿಬಿಟ್ಟು ಅಳುತ್ತಿದ್ದಳು, ಮೂಗು ಸೋರುತ್ತಿತ್ತು, ಬಾಯಿ ಮುಚ್ಚಲಾಗುತ್ತಿರಲಿಲ್ಲ, ಮುಚ್ಚಬಾರದು, ಮುಚ್ಚಿದರೆ ಅದೂ ಮುಚ್ಚುತ್ತದೆ, ಆ, ನೋಡು ಕಂದಾ, ಆ. ಗುಂಡಿಯ ತುಟಿ ನಡುಗಿತು. ಮಡಚಿದ ಮೂಲೆ ಸಡಿಲವಾಯಿತು, ನೂಲು ಬಿಚ್ಚಿದ ಹಾಗೆ ಒಂದು ಕಡೆಯಿಂದ ಬಿಚ್ಚುತ್ತ ಬಂತು, ಒಣಗಿದ ಆಲೂಗಡ್ಡೆಯ ಚಕ್ಕೆ ಉದುರಿತು, ಬಾಯಿ ತೆರೆಯಿತು, ಅವಳು ಎಷ್ಟು ತೆರೆದಿದ್ದಳೋ ಅಷ್ಟೇ ತೆರೆಯಿತು, ಒಳಗೆ ಅಕ್ಕಿಕಾಳಿನಂಥ ಹಲ್ಲು, ಅಯ್ಯೋ, ಹಲ್ಲು ಬಂದಿದೆಯಲ್ಲೇ, ಯಾವಾಗ ಬಂತು, ಚಮಚ ಒಳಗೆ ಹೋಯಿತು. ಬಾಯಿ ಮುಚ್ಚಿತು, ನಾಲಿಗೆ ಅತ್ತಿತ್ತ ಹೊರಳಿತು, ಮುಖ ಕಿವುಚಿಕೊಂಡಿತು, ಉಗುಳುತ್ತದೆ, ಉಗುಳಬೇಡ ನನ್ನಮ್ಮಾ — ಗಂಟಲು ಸಣ್ಣಗೆ ಏರಿ ಇಳಿಯಿತು. ಬಾಗಿಲಲ್ಲಿ ಬೆಳಕಿಗೆ ಏನೋ ಅಡ್ಡ ಬಂದಿತ್ತು, ಅಳಿಯ, ಕೈಯಲ್ಲಿ ವ್ಯಾನಿನ ಕೀ, ಅತ್ತೆ, ನುಂಗಿದ್ಲಲ್ಲಾ, ನಾನೇ ನೋಡ್ದೆ ಅತ್ತೆ, ನುಂಗಿದ್ಲು ನೋಡಿ ಅಂತ ನಗತೊಡಗಿದ, ಅವನು ನಕ್ಕು ಎಷ್ಟು ಕಾಲವಾಗಿತ್ತು, ಆಮೇಲೆ ಅವಳ ಮುಖ ಕಂಡಿತು, ನಗು ಅರ್ಧಕ್ಕೆ ನಿಂತಿತು, ಯಾಕತ್ತೆ, ಏನಾಯ್ತು, ಯಾಕೆ ಹಿಂಗೆ ಅಳ್ತಿದ್ದೀರಾ, ಏನಿದ್ರೂ ಬಾಯಿಬಿಟ್ಟು ಹೇಳಿ. ಊಹೂಂ ಅನ್ನಬೇಕು. ಅದಕ್ಕೆ ತುಟಿ ಕೂಡಬೇಕು, ತುಟಿ ಕೂಡುತ್ತಿಲ್ಲ, ಸೂಜಿಗಳು ಮೇಜಿನ ಅಂಚಿನಲ್ಲಿವೆ, ಕೈ ಚಾಚಿದರೆ ಸಿಗುತ್ತವೆ, ಕೈಯಲ್ಲಿ ಚಮಚವಿದೆ, ಬಾಯಿ ತೆರೆದೇ ಇದೆ, ಅವನು ಕಾಯುತ್ತಿದ್ದಾನೆ, ಅವಳನ್ನೇ ನೋಡುತ್ತ ಗುಂಡಿ ಮತ್ತೆ ಬಾಯಿ ತೆರೆಯಿತು, ಇನ್ನೊಂದು ತುತ್ತಿಗೆ, ಚಮಚ ಗಾಳಿಯಲ್ಲೇ ನಿಂತಿತು, ಎಡಗೈ ತಾನಾಗಿ ಹೋಗಿ ಆ ಗದ್ದದ ಕೆಳಗೆ ಕೂತಿತು, ಅಂಗೈಯಲ್ಲಿ ಗದ್ದ, ಮೇಲೆ ತೆರೆದ ಬಾಯಿ, ಒತ್ತಬೇಡ, ಒತ್ತಬೇಡ, ಅಂಗೈಯಲ್ಲಿ ಗದ್ದ, ತೆರೆದ ಬಾಯಿ, ಅಮ್ಮಾ ಅನ್ನಲು ಹೊರಟು ಅ ದಲ್ಲೇ ನಿಂತ ಬಾಯಿ